ಐದನೇ ಗೂಟದ ಮೇವಿಸ್

ಮಕ್ಕಳನ್ನು ನೋಡಿಕೊಳ್ಳುವುದು ಎಂದರೆ ಏನು ಎಂದು ಇನ್ನು ಮೇಲೆ ಲೋಕಕ್ಕೇ ತೋರಿಸಿಕೊಡುತ್ತೇನೆ! ಹೀಗೆಂದು ನಾನು ಶಪಥ ಮಾಡಿದ್ದು ನಮ್ಮ ಕಡೆ ಚಳಿಗಾಲವಾದ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಒಂದು ಕೈಯಲ್ಲಿ ಟೀ ಮಗ್ಗು, ಇನ್ನೊಂದು ಕೈಯಲ್ಲಿ ತರಬೇತಿಯ ಪ್ರಮಾಣಪತ್ರ ಹಿಡಿದುಕೊಂಡು. ಲೋಕದ ಪರವಾಗಿ ಎದುರಿಗೆ ಕೂತಿದ್ದವನು ನನ್ನ ಗಂಡ ಡೆಸ್ ಒಬ್ಬನೇ. ಅವನು ಟೋಸ್ಟಿಗೆ ವೆಜಿಮೈಟ್ ಬಳಿಯುತ್ತಿದ್ದ.

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀಯಲ್ಲ ಬೆರಿಲ್, ಈಗ್ಯಾಕೆ ಹೊಸದಾಗಿ ಶಪಥ?"

"ಇಷ್ಟು ದಿನ ಸುಮ್ನೆ ನೋಡ್ಕೋತಿದ್ದೆ. ಇನ್ಮೇಲೆ ಶಾಸ್ತ್ರೋಕ್ತವಾಗಿ ನೋಡ್ಕೋತೀನಿ!"

"ಏನು ವ್ಯತ್ಯಾಸ?"

"ಬರೆದಿಡ್ತೀನಿ!"

ಡೆಸ್ ಟೋಸ್ಟನ್ನು ಕಚ್ಚಿದ. ಪಾಪ, ಅವನಿಗೇನು ಗೊತ್ತು? ಹೋಬಾರ್ಟ್ ಪಟ್ಟಣದಲ್ಲಿ ಎರಡು ದಿನ ತರಬೇತಿಗೆ ಕೂತವಳು ನಾನು. ಹದಿನೇಳು ಜನರಲ್ಲಿ ಮೊದಲನೆಯವಳಾಗಿ ಪಾಸಾದವಳು ನಾನು. ಅಲ್ಲಿ ಕಲಿಸಿದ್ದರಲ್ಲಿ ಎರಡು ಮಾತು ನನ್ನ ಮೂಳೆಗೇ ಇಳಿದುಬಿಟ್ಟಿದ್ದವು. ಒಂದು, ನಡೆದದ್ದನ್ನೆಲ್ಲ ಅಲ್ಲೇ ಆಗಲೇ ಬರೆಯಬೇಕು, ಅದೂ ಪೆನ್ನಿನಲ್ಲಿ. ಪೆನ್ಸಿಲ್ ಮುಟ್ಟುವಂತಿಲ್ಲ! ಎರಡು, ಮಗುವಿನ ಲೋಕವನ್ನು ಗೌರವಿಸಬೇಕು. ಮಗು ನಿಜ ಅಂದದ್ದು ನಿಮಗೂ ನಿಜವಾಗಬೇಕು. ಈ ಎರಡು ಮಾತು ಬೇರೆ ಬೇರೆ ಇದ್ದಾಗ ಎಷ್ಟು ಒಳ್ಳೆಯವು ಎಂದು ಈಗಲೂ ಹೇಳುತ್ತೇನೆ. ಎರಡನ್ನೂ ಸೇರಿಸಿ ಅಡುಗೆ ಮಾಡಿದವಳು ನಾನೇ.

ನಮ್ಮ ಮನೆ ಸಿಗ್ನೆಟ್ ಎಂಬ ಪುಟ್ಟ ಊರಿನಲ್ಲಿ, ಕೊಲ್ಲಿಯ ದಡದಲ್ಲಿ. ಬೆಳಗಾದರೆ ಕೆಲಸಕ್ಕೆ ಹೋಗುವವರ ನಾಲ್ಕು ಮಕ್ಕಳು ಬರುತ್ತವೆ. ಹತ್ತು ತಿಂಗಳ ಕೂಸು ಆಂಗಸ್, ಎರಡು ವರ್ಷದ ರೆಮಿ, ಮೂರು ವರ್ಷದ ಫರ್ನ್, ನಾಲ್ಕು ತುಂಬಿದ ಪೋಸಿ. ಶಾಲೆಗೆ ಹೋಗದ ಮಕ್ಕಳು ಒಬ್ಬಳ ಮನೆಯಲ್ಲಿ ನಾಲ್ಕೇ ಇರಬೇಕು, ಐದಾದರೆ ಪರವಾನಗಿಗೆ ಸಂಚಕಾರ. ನಾಲ್ಕು ಮಕ್ಕಳಿಗೆ ನಾಲ್ಕು ಕೋಟು, ನಾಲ್ಕು ಉಣ್ಣೆ ಟೋಪಿ. ಬಾಗಿಲ ಪಕ್ಕದ ಹಲಗೆಯಲ್ಲಿ ಗೂಟ ಮಾತ್ರ ಐದು. ಡೆಸ್ ಹಲಗೆ ಅಳೆಯುವಾಗ ತಪ್ಪು ಮಾಡಿದ್ದ.

ಶಪಥದ ಮಾರನೆಯ ದಿನ ಪೋಸಿಯ ಅಪ್ಪ ಅವಳನ್ನು ಬಿಟ್ಟು, ಸಾಲ್ಮನ್ ಮೀನು ಸಾಕುವ ಕಡೆಗೆ ಕೆಲಸಕ್ಕೆ ಹೊರಟ. ನಾನು ಬಾಗಿಲು ಹಾಕಲು ಹೋದೆ.

"ಬೆಜ್ಜೀ, ಹಾಕ್ಬೇಡ!" ಎಂದಳು ಪೋಸಿ. ಮಕ್ಕಳಿಗೆಲ್ಲ ನಾನು ಬೆಜ್ಜಿ. "ಮೇವಿಸ್ ಇನ್ನೂ ಒಳಗೆ ಬಂದಿಲ್ಲ."

ಹೊರಗೆ ನೋಡಿದೆ. ಕೊಲ್ಲಿಯಿಂದ ಎದ್ದ ಮಂಜು ಗೇಟಿನವರೆಗೂ ಬಂದು ನಿಂತಿತ್ತು. ಬೇರೆ ಯಾರೂ ಇರಲಿಲ್ಲ.

"ಮೇವಿಸ್ ಯಾರು ಪುಟ್ಟಾ?"

"ನನ್ ಫ್ರೆಂಡು. ನಿಧಾನ ನಡೀತಾಳೆ."

ಹಿಂದಿನ ಬೆರಿಲ್ ಆಗಿದ್ದರೆ, "ಸರಿ ಮಾರಾಯ್ತಿ, ಬೇಗ ಬರೋಕೆ ಹೇಳು, ಚಳಿ ಒಳಗೆ ಬರ್ತಿದೆ" ಎಂದು ನಕ್ಕು ಮುಗಿಸುತ್ತಿದ್ದಳು. ಪ್ರಮಾಣಪತ್ರದ ಬೆರಿಲ್ ಬಾಗಿಲು ಹಿಡಿದುಕೊಂಡು ಮರ್ಯಾದೆಯಿಂದ ನಿಂತಳು. ಎಷ್ಟು ಹೊತ್ತು ನಿಲ್ಲಬೇಕು ಎಂದು ತರಬೇತಿಯಲ್ಲಿ ಹೇಳಿರಲಿಲ್ಲ. ಕಡೆಗೆ ಪೋಸಿಯೇ, "ಬಂದ್ಲು" ಎಂದಳು. ಆಮೇಲೆ ಹಾಜರಿ ಪುಸ್ತಕದ ಮುಂದೆ ತುದಿಗಾಲಲ್ಲಿ ನಿಂತು ಇಣುಕಿದಳು. "ಅವ್ಳ ಹೆಸ್ರು ಬರ್ಯಲ್ವಾ?"

ಅವಳ ತುಟಿ ನಡುಗುತ್ತಿತ್ತು. ನಾನು ಬರೆದೆ. ಪೆನ್ನಿನಲ್ಲಿ! ಮೇವಿಸ್, ಎಂಟು ಗಂಟೆ ಹತ್ತು ನಿಮಿಷ.

ಒಮ್ಮೆ ಬರೆದ ಮೇಲೆ ಮುಗಿಯಿತಲ್ಲ. ಹಾಜರಿ ಇದ್ದವಳಿಗೆ ತಿಂಡಿ ಕೊಡದಿದ್ದರೆ ಹೇಗೆ? ಬೆಳಗಿನ ತಿಂಡಿಗೆ ಐದನೇ ತಟ್ಟೆ ಬಂತು, ನಾಲ್ಕು ಹೋಳು ಸೇಬಿನ ಜೊತೆ. ಹೆಸರು ಮೇವಿಸ್, ಮೇಯಿಸುವ ಕೆಲಸ ನನ್ನದು! ಐದನೇ ಗೂಟಕ್ಕೆ ನಮ್ಮ ಮನೆಯ ಹಳೆಯ ಟೋಪಿಯೊಂದು ಬಂತು. ಮಧ್ಯಾಹ್ನ ಮಲಗುವಾಗ ಕಿಟಕಿಯ ಕೆಳಗೆ ಐದನೇ ಹಾಸಿಗೆ ಬಂತು. ಹಾಸಿಗೆ ಬಂದ ಮೇಲೆ ನಿದ್ದೆ ಪಟ್ಟಿ ಬಿಡುತ್ತದೆಯೇ? ಹತ್ತು ನಿಮಿಷಕ್ಕೊಮ್ಮೆ ಒಳಗೆ ಹೋಗಿ ಪ್ರತಿ ಮಗುವಿನ ಉಸಿರು, ತುಟಿಯ ಬಣ್ಣ ನೋಡಿ ಬರೆಯಬೇಕು. ನಾಲ್ಕು ಸಾಲು ತುಂಬಿ ಐದನೆಯದು ಖಾಲಿ ಇದ್ದರೆ ಆ ಮಗುವನ್ನು ನಾನು ನೋಡಲೇ ಇಲ್ಲ ಎಂದಾಗುತ್ತದೆ! ಅದಕ್ಕೇ ಬರೆದೆ. ಮೇವಿಸ್: ಉಸಿರು ಸಮ, ತುಟಿ ಕೆಂಪು.

ಬರೆಯುವ ಚಟ ಹತ್ತಿದ ಮೇಲೆ ನನ್ನ ಕೈಗೆ ಬಿಡುವೇ ಇಲ್ಲ. ರೆಮಿ ಬಸವನಹುಳು ಹಿಡಿದುಕೊಂಡು ಓಡಿ ಬಂದರೆ, "ತಡಿ ಮರಿ, 'ಪ್ರಕೃತಿಯಲ್ಲಿ ಆಸಕ್ತಿ' ಅಂತ ಬರ್ಕೊಂಡ್ಬಿಡ್ತೀನಿ" ಎನ್ನುತ್ತಿದ್ದೆ. ಬರೆದು ತಲೆ ಎತ್ತುವಷ್ಟರಲ್ಲಿ ರೆಮಿಯೂ ಇಲ್ಲ, ಹುಳುವೂ ಇಲ್ಲ. ಆದರೇನು, ಪುಸ್ತಕ ತುಂಬುತ್ತಿತ್ತು!

ಡೆಸ್ ನಕ್ಕಿದ್ದೇ ನಕ್ಕಿದ್ದು.

"ಇಲ್ಲದ ಮಗೂಗೆ ಮೂಗು ಒರೆಸೋದು ಯಾವಾಗ?"

"ನಗು, ನಗು. ಮಗುವಿನ ಮನಸ್ಸು ಅಂದ್ರೆ ನಿನಗೇನು ಗೊತ್ತು? ನಿನ್ನ ಲೋಕ ಎಲ್ಲ ಆ ಶೆಡ್ಡಿನಲ್ಲಿರೋ ದೋಣಿ."

ಎರಡನೇ ವಾರದಲ್ಲಿ ಒಂದು ದಿನ ತಟ್ಟೆ ಎತ್ತಲು ಹೋದೆ. ಐದನೇ ತಟ್ಟೆಯಲ್ಲಿ ಸೇಬಿನ ಹೋಳು ಎರಡೇ ಇದ್ದವು. ಪೋಸಿ ತಿಂದಿರಬೇಕು ಎಂದುಕೊಂಡೆ. ಹೋಳಿನ ಮೇಲಿದ್ದ ಹಲ್ಲಿನ ಗುರುತು ನೋಡಿದೆ. ಬಹಳ ಸಣ್ಣವು, ಅಕ್ಕಿ ಕಾಳಿನಷ್ಟು. ರೆಮಿಯ ಹಲ್ಲೂ ಇಷ್ಟು ಸಣ್ಣವಲ್ಲ, ಕೂಸು ಆಂಗಸ್‌ಗೆ ಇನ್ನೂ ಎರಡೇ ಹಲ್ಲು. ನಾನು ತಟ್ಟೆ ತೊಳೆದೆ. ಎರಡು ಸಲ ತೊಳೆದೆ.

ಮಾರನೆಯ ದಿನ ಅಂಗಳದಿಂದ ಒಳಗೆ ಬಂದು ಟೋಪಿಗಳನ್ನು ಗೂಟಕ್ಕೆ ಹಾಕುತ್ತಿದ್ದೆ. ಮಂಜಿನಲ್ಲಿ ಆಡಿದ ನಾಲ್ಕು ಟೋಪಿಯೂ ಒದ್ದೆ. ಐದನೆಯದು ಗೂಟ ಬಿಟ್ಟು ಕದಲಿರಲಿಲ್ಲ, ನಾನೇ ನೋಡಿದ್ದೆ. ಅದೂ ಒದ್ದೆ. ಹಿಂಡಿದರೆ ನೀರು ಬಂತು. ಮೂಸಿ ನೋಡಿದೆ, ಕೊಲ್ಲಿಯ ಉಪ್ಪುನೀರಿನ ವಾಸನೆ. ಟೋಪಿಯನ್ನು ಡೆಸ್‌ನ ಮುಂದೆ ಹಿಡಿದೆ.

"ಡೆಸ್, ಈ ಟೋಪಿ ನೀನು ಹಾಕ್ಕೊಂಡಿದ್ಯಾ?"

"ನನ್ ತಲೆಗೆ ಹಿಡಿಸುತ್ತಾ ಅದು?"

"ಮತ್ತೆ ಒದ್ದೆ ಆಗಿದ್ದು ಹೇಗೆ?"

"ಸೂರು ಸೋರ್ತಿರ್ಬೇಕು" ಎಂದ. ಸೂರು ಸೋರುತ್ತಿರಲಿಲ್ಲ. ಅವನೂ ಸೂರು ನೋಡಲು ತಲೆ ಎತ್ತಲಿಲ್ಲ. ಆ ದಿನದಿಂದ ಡೆಸ್ ನಗುವುದು ನಿಲ್ಲಿಸಿದ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಮಕ್ಕಳೆಲ್ಲ ಒಳಗೆ ಬಂದಾಗಿದೆ, ಈ ಮಹಾನುಭಾವ ಇನ್ನೂ ಗೇಟು ಹಿಡಿದುಕೊಂಡು ನಿಂತಿದ್ದಾನೆ.

"ಯಾರಿಗೆ ಕಾಯ್ತಿದ್ದೀಯಾ?"

"ಯಾರಿಗೂ ಇಲ್ಲ" ಎಂದವನು ಇನ್ನೂ ಅರ್ಧ ನಿಮಿಷ ನಿಂತು, ಆಮೇಲೆ ಮೆಲ್ಲಗೆ, ಬೆರಳು ಸಿಕ್ಕಿಕೊಳ್ಳದಂತೆ ಗೇಟು ಹಾಕಿದ.

ಮೂರನೇ ವಾರ ನಿದ್ದೆ ಪಟ್ಟಿಯನ್ನು ಸುಮ್ಮನೆ ಹಿಂದಕ್ಕೆ ತಿರುವಿದೆ. ಐದನೇ ಸಾಲಿನಲ್ಲಿ ಎಲ್ಲ ದಿನವೂ ಒಂದೇ ಮಾತು: ಉಸಿರು ಸಮ, ತುಟಿ ಕೆಂಪು. ಬುಧವಾರ ಹನ್ನೆರಡು ನಲವತ್ತರ ಮುಂದೆ ಮಾತ್ರ ಬೇರೆ ಬರೆದಿತ್ತು. "ಎಚ್ಚರವಾಗಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ." ಅಕ್ಷರ ನನ್ನದೇ, ಪೆನ್ನೂ ನನ್ನದೇ. ಬರೆದ ನೆನಪು ಮಾತ್ರ ನನಗಿರಲಿಲ್ಲ. ದೇವರಾಣೆ ಇರಲಿಲ್ಲ!

ನಾನು ಪಟ್ಟಿ ಮುಚ್ಚಿ ಎದೆಗವಚಿಕೊಂಡು ನಿಂತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ಬಂದವಳು ಪರವಾನಗಿ ಕೊಡುವ ಆಫೀಸಿನ ಮೇಲ್ವಿಚಾರಕಿ ರೋವೇನಾ. ಮುಂಚೆ ತಿಳಿಸದೆ ಬಂದು ನೋಡುವುದೇ ಆಕೆಯ ಕೆಲಸ. ತೆಳ್ಳಗಿನ ಹೆಂಗಸು, ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಹೊರಗೆ ಮಧ್ಯಾಹ್ನ ಒಂದಾದರೂ ಮಂಜು ಕರಗಿರಲಿಲ್ಲ. ಆಕೆಯ ಕಾರು ಅರ್ಧ ಮಾತ್ರ ಕಾಣುತ್ತಿತ್ತು.

"ಬೇಜಾರು ಮಾಡ್ಕೋಬೇಡಿ ಬೆರಿಲ್, ಐದು ನಿಮಿಷದ ಕೆಲಸ" ಎಂದಳು. ಹಾಜರಿ ಪುಸ್ತಕ ತೆರೆದಳು. ಆಕೆಯ ಹುಬ್ಬು ಮೇಲಕ್ಕೇರಿದ್ದು ನೋಡಿದೆ.

"ಐದು?"

 ಆಗ ಅರಿವಾಯಿತು, ನಾನು ಎಂಥ ಗುಂಡಿ ತೋಡಿಕೊಂಡಿದ್ದೇನೆ ಎಂದು! ಐದನೆಯವಳು ಇದ್ದಾಳೆ ಎಂದರೆ ಲೆಕ್ಕಕ್ಕಿಂತ ಹೆಚ್ಚು ಮಕ್ಕಳನ್ನು ಇಟ್ಟುಕೊಂಡಿದ್ದೇನೆ. ಇಲ್ಲ ಎಂದರೆ ಮೂರು ವಾರದಿಂದ ಸುಳ್ಳು ದಾಖಲೆ ಬರೆದಿದ್ದೇನೆ. ಎರಡರಲ್ಲೂ ಪರವಾನಗಿ ಹೋಗುತ್ತದೆ. ಪರವಾನಗಿ ಹೋದರೆ ಈ ನಾಲ್ಕು ಮಕ್ಕಳು ಹೋಗುತ್ತವೆ. ಮಕ್ಕಳು ಹೋದರೆ ನಾನು ಬೆಳಿಗ್ಗೆ ಯಾಕಾದರೂ ಏಳಬೇಕು? ನಮಗೆ ಸ್ವಂತದ್ದು ಆಗಲಿಲ್ಲ. ಇಪ್ಪತ್ತೆರಡು ವರ್ಷ ಊರಿನ ಮಕ್ಕಳೇ ನನ್ನ ಮಕ್ಕಳು.

ನಾನು ಬಾಯಿ ಬಿಡುವ ಮೊದಲೇ ಆಕೆ ಮಲಗುವ ಕೋಣೆಗೆ ಹೋಗಿಯಾಗಿತ್ತು. ನಾಲ್ಕು ಮಕ್ಕಳು ಹಾಯಾಗಿ ನಿದ್ದೆ ಮಾಡುತ್ತಿದ್ದವು. ಕಿಟಕಿಯ ಕೆಳಗಿನ ಐದನೇ ಹಾಸಿಗೆಯ ಮೇಲೆ ಕಂಬಳಿ ಒಂದು ಬದಿಗೆ ಸರಿದಿತ್ತು. ದಿಂಬಿನಲ್ಲಿ ಚಿಕ್ಕ ತಗ್ಗು. ರೋವೇನಾ ಬಗ್ಗಿ ಹಾಸಿಗೆಯ ಮೇಲೆ ಅಂಗೈ ಇಟ್ಟಳು.

"ಬೆಚ್ಚಗಿದೆ" ಎಂದಳು ಪಿಸುದನಿಯಲ್ಲಿ. "ಈಗ ತಾನೇ ಎದ್ದು ಹೋಗಿದೆ. ಬೆರಿಲ್, ಮಗು ಎಲ್ಲಿ?"

"ಅದು... ಅಂಥ ಮಗು ಅಲ್ಲ ರೋವೇನಾ..."

"ಎಂಥ ಮಗು ಆದ್ರೇನ್ರೀ! ಹೊರಗೆ ನೀರಿದೆ!"

ಆಮೇಲೆ ಆದದ್ದನ್ನು ಏನು ಹೇಳಲಿ! ಆಕೆ ಕಪಾಟು ತೆಗೆದಳು, ಮಂಚದ ಕೆಳಗೆ ತೆವಳಿದಳು, ಬಟ್ಟೆ ಒಗೆಯುವ ಯಂತ್ರದೊಳಗೆ ತಲೆ ಹಾಕಿದಳು. ನಾನು ಹಿಂದೆ ಹಿಂದೆ, "ಸ್ವಲ್ಪ ಕೇಳಿ, ಸ್ವಲ್ಪ ಕೇಳಿ" ಎನ್ನುತ್ತ ಓಡಿದೆ. ಸದ್ದು ಕೇಳಿ ಡೆಸ್ ಶೆಡ್ಡಿನಿಂದ ಬಂದ. ಆಕೆ ಅವನ ತೋಳು ಹಿಡಿದಳು.

"ಮೇವಿಸ್ ಅನ್ನೋ ಮಗೂನ ನೋಡಿದ್ರಾ?"

ಇಲ್ಲ ಎನ್ನಬಾರದೇ ಈ ಮನುಷ್ಯ!

"ಬೆಳಿಗ್ಗೆ ನಾನೇ ಗೇಟು ತೆಗೆದು ಬಿಟ್ನಲ್ಲ" ಎಂದ.

"ಹೇಗಿದ್ದಾಳೆ? ಏನು ಬಟ್ಟೆ ಹಾಕಿದ್ದಾಳೆ?"

ಡೆಸ್ ತಲೆ ಕೆರೆದುಕೊಂಡ. ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು. "ಅದೇ ನೋಡಿ... ನೆನಪಿಗೇ ಬರ್ತಿಲ್ಲ."

ರೋವೇನಾ ಪೊಲೀಸರಿಗೆ ಫೋನು ಮಾಡಲು ಬೆರಳಿಟ್ಟಳು. ಇನ್ನು ತಡೆಯಲಾಗಲಿಲ್ಲ. ನಾನು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಒದರಿಬಿಟ್ಟೆ. ಪೋಸಿಯ ನಡುಗುವ ತುಟಿ, ಪೆನ್ನು, ತಟ್ಟೆ, ಹಾಸಿಗೆ, ಎಲ್ಲ. ಸೇಬು ಮತ್ತು ಟೋಪಿಯ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ಪರವಾನಗಿಯ ಜೊತೆ ನನ್ನನ್ನೂ ಎಲ್ಲಿಗಾದರೂ ಕಳಿಸುತ್ತಿದ್ದರು!

ರೋವೇನಾ ಫೋನು ಕೆಳಗಿಟ್ಟಳು. "ಅಂದ್ರೆ, ಇಲ್ಲದ ಮಗುವಿನ ಉಸಿರನ್ನ ಮೂರು ವಾರ, ಹತ್ತು ನಿಮಿಷಕ್ಕೊಂದ್ಸಲ ನೋಡಿದ್ದೀರಿ?"

"ಹೂಂ."

"ತುಟಿ ಕೆಂಪು ಅಂತ ಬರೆದಿದ್ದೀರಿ!"

"ಕೆಂಪಗೇ ಇತ್ತು" ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತು. ರೋವೇನಾ ಪುಸ್ತಕ ಮುಚ್ಚಿದಳು.

"ನನಗೂ ಬೇಜಾರೇ ಬೆರಿಲ್" ಎಂದಳು ಆಕೆ ಕಡೆಗೆ. "ಆದ್ರೆ ಇದು ಸುಳ್ಳು ದಾಖಲೆ. ನಾನು ಮೇಲಕ್ಕೆ ಕಳಿಸ್ಲೇಬೇಕು. ಬಂದ ಕೆಲಸ ಮುಗಿಸ್ಬಿಡ್ತೀನಿ. ಬೆಂಕಿ ಬಿದ್ದಾಗ ಹೊರಗೆ ಓಡೋ ಅಭ್ಯಾಸ ಒಂದು ಮಾಡಿಸಿ ತೋರಿಸಿ."

ಮಕ್ಕಳು ಎದ್ದವು. ನಾನು ಕಣ್ಣೊರೆಸಿಕೊಂಡು, ಚಳಿಗೆಂದು ಮಕ್ಕಳಿಗೆ ಟೋಪಿ ಹಾಕಿ ಸೀಟಿ ಊದಿದೆ. ನಮ್ಮಲ್ಲಿ ಬಣ್ಣದ ಬಳೆಗಳನ್ನು ಕಟ್ಟಿದ ಒಂದು ಹಗ್ಗ ಇದೆ. ಒಂದೊಂದು ಮಗು ಒಂದೊಂದು ಬಳೆ ಹಿಡಿದು ಸಾಲಾಗಿ ಹೊರಗೆ ಬರಬೇಕು. ಆಂಗಸ್ ನನ್ನ ಕಂಕುಳಲ್ಲಿ. ಹಗ್ಗದ ಮುಂದೆ ರೆಮಿ, ಹಿಂದೆ ಫರ್ನ್, ಅವಳ ಹಿಂದೆ ಪೋಸಿ. ಅಂಗಳದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪೋಸಿಯ ಬೆನ್ನು ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ರೋವೇನಾ ಗೇಟಿನ ಬಳಿ ನಿಂತಿದ್ದಳು. ಕಣ್ಣಲ್ಲಿ ಎಣಿಸುವಂತಿಲ್ಲ, ತಲೆ ಮುಟ್ಟಿ ಎಣಿಸಬೇಕು ಎಂಬುದು ನಿಯಮ. ಆಕೆ ನಿಯಮದಂತೆ ಒಂದೊಂದೇ ತಲೆ ಮುಟ್ಟುತ್ತ ಸಾಗಿದಳು.

"ಒಂದು, ಎರಡು, ಮೂರು, ನಾಲ್ಕು, ಐದು. ಸರಿ ಇದೆ." ಕಾಗದದಲ್ಲಿ ಐದು ಎಂದು ಬರೆದು ಸಹಿಯನ್ನೂ ಎಳೆದಳು.

 ಆಕೆ ಪೆನ್ನು ಮುಚ್ಚಲು ಹೋಗಿ ನಿಂತಳು. ತಾನು ಬರೆದದ್ದನ್ನು ನೋಡಿದಳು. ಮೆಲ್ಲಗೆ ಬಲಗೈ ತಿರುಗಿಸಿ ಅಂಗೈ ನೋಡಿಕೊಂಡಳು.

"ಬೆರಿಲ್" ಎಂದಳು, ಸ್ವರ ಸಣ್ಣಗಾಗಿತ್ತು. "ಆ ಕೊನೇ ಟೋಪಿ ಒದ್ದೆಯಾಗಿತ್ತು."

ಪೋಸಿಯ ಹಿಂದೆ ಹಗ್ಗದ ಕೊನೆಯ ಬಳೆ ನೆಲಕ್ಕೆ ಬಿದ್ದಿರಲಿಲ್ಲ. ಪುಟ್ಟ ಮಗುವಿನ ಸೊಂಟದಷ್ಟು ಎತ್ತರದಲ್ಲಿ, ಹಗ್ಗ ಬಿಗಿಯಾಗಿ ನಿಂತಿತ್ತು. ಅದನ್ನು ನಾವಿಬ್ಬರೂ ನೋಡಿದೆವು, ನೋಡದವರಂತೆ ಮಕ್ಕಳನ್ನು ಒಳಗೆ ಕರೆದುಕೊಂಡು ಬಂದೆವು. ಬಾಗಿಲು ಹಾಕುವ ಮುನ್ನ ರೋವೇನಾ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಳು. ಯಾಕೆಂದು ನಾನು ಕೇಳಲಿಲ್ಲ.

ಆಮೇಲೆ ಎರಡೆರಡು ಲೋಟ ಟೀ ಆಯಿತು. ರೋವೇನಾ ತನ್ನ ಕಾಗದವನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ವಿಷಯ ಮೇಲಕ್ಕೆ ಕಳಿಸಿದ್ರೆ, ಜೊತೆಗೆ ನನ್ನ ಕಾಗದಾನೂ ಹೋಗುತ್ತೆ" ಎಂದಳು.

"ಹೌದಲ್ವಾ" ಎಂದೆ ನಾನು, ಆದಷ್ಟು ಸಾಧುವಾಗಿ.

"ಅದ್ರಲ್ಲಿ ಐದು ಅಂತಿದೆ. ನನ್ನ ಸಹಿ ಇದೆ."

"ಪೆನ್ನಲ್ಲಿ" ಎಂದು ಡೆಸ್ ಸೇರಿಸಿದ.

ತಪ್ಪು ಬರೆದರೆ ಅಳಿಸುವಂತಿಲ್ಲ; ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಇದೂ ತರಬೇತಿಯದೇ. ನಾನೂ ರೋವೇನಾಳೂ ಕೂತು ಮೂರು ವಾರದ ಮೇವಿಸ್ಸನ್ನು ಗೆರೆ ಎಳೆದು ಎಳೆದು ತೆಗೆದೆವು. ಪಕ್ಕದಲ್ಲಿ ರೋವೇನಾ ಬರೆದಳು: "ಮಕ್ಕಳ ಕಲ್ಪನೆಯ ಆಟ. ತಪ್ಪಾಗಿ ಹಾಜರಿಗೆ ಸೇರಿದೆ, ತಿದ್ದಲಾಗಿದೆ. ಉಳಿದಂತೆ ಆರೈಕೆ ಅತ್ಯುತ್ತಮ." ತನ್ನ ಐದಕ್ಕೂ ಗೆರೆ ಹೊಡೆದು ನಾಲ್ಕು ಮಾಡಿದಳು. ನನ್ನ ಪರವಾನಗಿ ಉಳಿಯಿತು! ಆಕೆಯ ಕೆಲಸವೂ ಉಳಿಯಿತು ಎನ್ನಿ.

ಆಕೆಯನ್ನು ಗೇಟಿನವರೆಗೆ ಬಿಟ್ಟು ಬಂದವಳೇ ಸೊಂಟಕ್ಕೆ ಕೈಯಿಟ್ಟು ಡೆಸ್ ಎದುರು ನಿಂತೆ. "ಓದಿದ್ಯಾ? ಆರೈಕೆ ಅತ್ಯುತ್ತಮ! ನಿನ್ನ ಹೆಂಡ್ತಿ ಅಂದ್ರೆ ಏನು ಅಂದ್ಕೊಂಡಿದ್ದೀಯಾ!"

ಡೆಸ್ ಕಿಟಕಿಯಾಚೆ ನೋಡುತ್ತಿದ್ದ. ನಾನೂ ನೋಡಿದೆ. ಮಂಜು ಸ್ವಲ್ಪ ತೆಳುವಾಗಿತ್ತು. ರೋವೇನಾಳ ಕಾರು ಗೇಟಿನಾಚೆಯ ತಿರುವಿನವರೆಗೆ ಹೋಗಿ ನಿಂತಿತು. ಆಕೆ ಕೆಳಗಿಳಿದಳು. ಹಿಂದಿನ ಬಾಗಿಲು ತೆಗೆದು, ಒಳಗೆ ಬಗ್ಗಿ, ಯಾವುದಕ್ಕೋ ಬೆಲ್ಟು ಹಾಕಿ ಸರಿಮಾಡಿದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಕಾರು ಬಹಳ ನಿಧಾನವಾಗಿ ಮಂಜಿನೊಳಗೆ ಹೋಯಿತು.

ಪೋಸಿ ಸೋಫಾದ ಮೇಲೆ ಹತ್ತಿ ಗಾಜಿಗೆ ಅಂಟಿಕೊಂಡು ಕೈ ಬೀಸುತ್ತಿದ್ದಳು.

"ಯಾರಿಗೆ ಟಾಟಾ ಪುಟ್ಟಾ?"

"ಮೇವಿಸ್‌ಗೆ. ಆ ಆಂಟಿ ಜೊತೆ ಹೋದ್ಲು. ಇನ್ನು ಬರಲ್ವಂತೆ."

ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.  ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವೂ ನನ್ನ ಮನೆ ಬೇಡ ಎಂದು ಹೋಗಿರಲಿಲ್ಲ!

"ಗೆರೆ ಹೊಡೆದೆ ಅಂತ ಕೋಪ ಬಂತಾ ಅವಳಿಗೆ?"

"ಅಲ್ಲ." ಪೋಸಿ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಗೀಚಿದಳು. "ನಿನ್ ಹತ್ರ ಎಷ್ಟೋ ಸಲ ಮಾತಾಡಿದ್ಲಂತೆ. ನೀನು ಬರೀತಾನೇ ಇದ್ಯಂತೆ."

ರೆಮಿ ಬಂದು ನನ್ನ ಮೊಣಕಾಲು ಹಿಡಿದು ನಿಂತಿದ್ದ. ನಾನು ನೆಲದ ಮೇಲೆ ಕೂತೆ. ಎಷ್ಟು ದಿನವಾಗಿತ್ತೋ ನೆಲದ ಮೇಲೆ ಕೂತು!

"ಪೋಸಿ, ಹೇಳಮ್ಮ. ಏನು ಮಾತಾಡಿದ್ಲು ಮೇವಿಸ್?"

ಪೋಸಿ ನನ್ನ ಕಡೆ ತಿರುಗಿ, ಇಂಥ ದಡ್ಡಿಯನ್ನು ಎಲ್ಲೂ ನೋಡಿಲ್ಲ ಎಂಬಂತೆ ನೋಡಿದಳು.

"ನಂಗೇನ್ ಗೊತ್ತು? ಬರ್ಕೊಂಡಿರ್ತೀಯಲ್ಲ, ನೋಡ್ಕೋ!"